ತರಕಾರಿ ಕಾಪಿಡುವಿಕೆ: ನಂಜನಗೂಡು ಮತ್ತು ತಿ. ನರಸೀಪುರ ಸೀಮೆಯ ಮನೆಗಳಲ್ಲಿ

ಕೊಯ್ದ ತರಕಾರಿಯ ಬಿಗುವು, ಬಣ್ಣ, ಕಂಪು, ರುಚಿ ಮತ್ತು ಪೋಷಕಾಂಶಗಳು ಅಡುಗೆಯ ಹೊತ್ತಿನವರೆಗೂ ಆದಷ್ಟು ಕುಂದದಂತೆ ಮನೆಯಲ್ಲಿ ಕೈಗೊಳ್ಳುವ ಕ್ರಮಗಳನ್ನೆಲ್ಲ ಒಟ್ಟಾಗಿ ತರಕಾರಿ ಕಾಪಿಡುವಿಕೆ ಎನ್ನಬಹುದು. ಒಣಗಿಸುವುದು, ಉಪ್ಪಿನಕಾಯಿ ಹಾಕುವುದು, ಸಂಡಿಗೆ ಇಡುವುದು ಮೊದಲಾದ ಸಂಸ್ಕರಣ ವಿಧಾನಗಳಿಗಿಂತ ಇದು ಬೇರೆಯಾದುದು. ಅಲ್ಲಿ ತರಕಾರಿಯ ಜೀವವ್ಯಾಪಾರ ನಿಂತು ಅದು ಇನ್ನೊಂದು ಪದಾರ್ಥವಾಗಿ ಮಾರ್ಪಡುತ್ತದೆ, ಇಲ್ಲಿಯಾದರೋ ಅದು ಒಲೆಗೆ ಹೋಗುವವರೆಗೂ ಜೀವಂತವಾಗಿಯೇ ಇರುತ್ತದೆ ಮತ್ತು ಆ ಜೀವವ್ಯಾಪಾರದ ವೇಗವನ್ನು ತಗ್ಗಿಸುವುದಷ್ಟೇ ಮನೆಯವರಿಗೆ ಸಾಧ್ಯ. ಎಲ್ಲ ತರಕಾರಿಗೂ ಒಪ್ಪುವ ಒಂದೇ ಜಾಗ, ಒಂದೇ ತಂಪು, ಒಂದೇ ತೇವ ಎಂಬುದಿಲ್ಲ. ಫ್ರಿಜ್ ಬಂದ ಮೇಲೆ ಈ ತಿಳಿವಳಿಕೆ ಮಸುಕಾಗಿ, ಸಂತೆಯಿಂದ ತಂದ ಚೀಲವನ್ನು ಇಡಿಯಾಗಿ ಅದರೊಳಗೆ ತುಂಬುವ ರೂಢಿ ಬೆಳೆದಿರುವುದರಿಂದಲೇ ಮನೆಗಳಲ್ಲಿ ಬಹಳಷ್ಟು ತರಕಾರಿ ಕೆಡುತ್ತದೆ.

ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳು ಈ ವಿಷಯದ ಅಧ್ಯಯನಕ್ಕೆ ಅನುಕೂಲವಾದ ಸೀಮೆ. ನಂಜನಗೂಡನ್ನು ಬಳಸಿ ಹರಿಯುವ ಕಪಿಲಾ ಅಥವಾ ಕಬಿನಿ ನದಿ ತಿ. ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಹುಲ್ಲಹಳ್ಳಿ ನಾಲೆ, ತಲಕಾಡಿನ ಬಳಿಯ ಮಾಧವಮಂತ್ರಿ ನಾಲೆ, ಕಬಿನಿ ಮತ್ತು ವರುಣಾ ನಾಲೆಗಳ ನೀರು ಬರುವ ಬಯಲಿನಲ್ಲಿ ಭತ್ತ, ಕಬ್ಬು, ಬಾಳೆ ಬೆಳೆದರೆ, ನಾಲೆ ತಲುಪದ ಎತ್ತರದ ಹೊಲಗಳಲ್ಲಿ ರಾಗಿ, ಅವರೆ, ಹುರುಳಿಗಳ ಜೊತೆಗೆ ಕೊಳವೆಬಾವಿಯ ನೀರಿನಿಂದ ಟೊಮೆಟೊ, ಬದನೆ, ಬೀನ್ಸ್, ಮೆಣಸಿನಕಾಯಿ ಬೆಳೆಯುತ್ತಾರೆ. ಹೊಲಕ್ಕೂ ಅಡುಗೆಮನೆಗೂ ನಡುವಿನ ದೂರ ಇಲ್ಲಿ ಬಹುಮಟ್ಟಿಗೆ ಕೆಲವೇ ಮೈಲಿ. ಹವೆಯಾದರೋ ವರ್ಷದಲ್ಲಿ ಎರಡು ಬಗೆಯ ತೊಂದರೆ ಒಡ್ಡುತ್ತದೆ. ಮಾರ್ಚ್‌ನಿಂದ ಮೇ ತಿಂಗಳ ಮೊದಲ ಮಳೆಗಳವರೆಗೆ ಹಗಲಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರಿ ಗಾಳಿ ಒಣಗಿರುವುದರಿಂದ ಸೊಪ್ಪು ಮಧ್ಯಾಹ್ನದೊಳಗೆ ಬಾಡುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಗಾಳಿಯ ತೇವ ಹೆಚ್ಚಿ ಈರುಳ್ಳಿ, ಬೆಳ್ಳುಳ್ಳಿ, ಶುಂಠಿಗಳಿಗೆ ಬೂಷ್ಟು ಹಿಡಿಯುತ್ತದೆ. ಒಂದು ಕಾಲದ ಉಪಾಯ ಇನ್ನೊಂದು ಕಾಲದಲ್ಲಿ ಅಪಾಯವಾಗುವುದು ಈ ಕಾರಣದಿಂದಲೇ.

ಕೆಡುವಿಕೆಯ ಕಾರಣಗಳು

ತರಕಾರಿ ಕೆಡುವುದಕ್ಕೆ ಮೊದಲ ಕಾರಣ ಅದರ ಉಸಿರಾಟ. ಗಿಡದಿಂದ ಬೇರ್ಪಟ್ಟ ಎಲೆ, ಕಾಯಿ, ಗೆಡ್ಡೆಗಳಿಗೆ ನೀರು ಮತ್ತು ಆಹಾರದ ಪೂರೈಕೆ ನಿಂತರೂ ಅವುಗಳ ಜೀವಕೋಶಗಳು ಕೂಡಿಟ್ಟ ಸಕ್ಕರೆಯನ್ನು ಆಮ್ಲಜನಕದ ನೆರವಿನಿಂದ ಸುಡುತ್ತ, ಇಂಗಾಲದ ಡೈಆಕ್ಸೈಡ್, ನೀರಾವಿ ಮತ್ತು ಶಾಖವನ್ನು ಹೊರಬಿಡುತ್ತಲೇ ಇರುತ್ತವೆ. ಗೋಣಿಚೀಲದಲ್ಲಿ ಒತ್ತಿ ತುಂಬಿದ ಸೊಪ್ಪಿನ ನಡುವೆ ಕೈಯಿಟ್ಟರೆ ಬೆಚ್ಚಗೆ ತಾಗುವುದು ಈ ಶಾಖವೇ. ಉಷ್ಣತೆ 10 ಡಿಗ್ರಿ ಹೆಚ್ಚಿದಂತೆಲ್ಲ ಉಸಿರಾಟದ ವೇಗ ಸರಿಸುಮಾರು ಎರಡರಿಂದ ಮೂರು ಪಟ್ಟಾಗುತ್ತದೆ. ಆದ್ದರಿಂದ ಬಿಸಿಲು ಏರಿದ ಮೇಲೆ ಕೊಯ್ದು, ಬಿಸಿಲಿನಲ್ಲೇ ಸಂತೆಯ ನೆಲದ ಮೇಲೆ ಹರಡಿದ ಸೊಪ್ಪು ಮನೆಗೆ ಬರುವ ಮೊದಲೇ ತನ್ನ ಆಯುಸ್ಸಿನ ದೊಡ್ಡ ಪಾಲನ್ನು ಕಳೆದುಕೊಂಡಿರುತ್ತದೆ ಮತ್ತು ಆ ನಷ್ಟವನ್ನು ಮುಂದೆ ಯಾವ ಪೆಟ್ಟಿಗೆಯೂ ತುಂಬಿಕೊಡಲಾರದು. ಹಸಿ ಬಟಾಣಿ, ಎಳೆಯ ಮುಸುಕಿನ ಜೋಳ, ಬೀನ್ಸ್, ಬೆಂಡೆಕಾಯಿ ಮತ್ತು ಎಲ್ಲ ಬಗೆಯ ಸೊಪ್ಪುಗಳ ಉಸಿರಾಟ ಚುರುಕಾದುದು. ಆಲೂಗಡ್ಡೆ, ಈರುಳ್ಳಿ, ಬಲಿತ ಕುಂಬಳಗಳದು ನಿಧಾನ. ಬೆಳೆಯುವ ಭಾಗ ಬೇಗ ಕೆಡುತ್ತದೆ, ಬೆಳೆದು ವಿಶ್ರಮಿಸುವ ಭಾಗ ಬಹುಕಾಲ ನಿಲ್ಲುತ್ತದೆ ಎಂಬುದು ಸಾಮಾನ್ಯ ನಿಯಮ.

ಎರಡನೆಯದು ಬಾಷ್ಪವಿಸರ್ಜನೆ, ಅಂದರೆ ತರಕಾರಿಯ ಮೈಯಿಂದ ನೀರು ಆವಿಯಾಗಿ ಹೋಗುವುದು. ತೂಕದಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟು ನೀರು ಹೋದರೆ ಸಾಕು, ಬಹುತೇಕ ತರಕಾರಿಗಳು ಸೊರಗಿ ಸುಕ್ಕಾಗುತ್ತವೆ. ತೆಳುವಾಗಿ ಅಗಲವಾಗಿರುವ ಎಲೆ ಬೇಗ ನೀರು ಕಳೆದುಕೊಂಡರೆ, ಬೂದುಗುಂಬಳದ ಮೈಮೇಲಿನ ಬಿಳಿಯ ಮೇಣದ ಪುಡಿ, ಆಲೂಗಡ್ಡೆಯ ಬೆಂಡಿನಂಥ ಸಿಪ್ಪೆ, ಈರುಳ್ಳಿಯ ಒಣ ಪದರಗಳು ನೀರನ್ನು ತಡೆದಿಡುತ್ತವೆ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ತರಕಾರಿಯ ಸುತ್ತಲಿನ ಗಾಳಿ ತೇವವಾಗಿರುವುದು ಹಿತ, ತರಕಾರಿಯ ಮೈಮೇಲೆ ನೀರು ನಿಲ್ಲುವುದು ಅಹಿತ. ಏಕೆಂದರೆ ನಿಂತ ನೀರಿನ ತೆಳು ಪೊರೆಯಲ್ಲಿ ಬ್ಯಾಕ್ಟೀರಿಯಾ ಮತ್ತು ಬೂಷ್ಟುಗಳು ಬೆಳೆದು ಎಲೆಯನ್ನು ಲೋಳೆಯಾಗಿಸುತ್ತವೆ. ಸೊಪ್ಪಿಗೆ ಮತ್ತೆ ಮತ್ತೆ ನೀರು ಚಿಮುಕಿಸುವ ವ್ಯಾಪಾರಿಯ ಕ್ರಮ ಕೆಲವು ಗಂಟೆಗಳ ಮಾರಾಟಕ್ಕೆ ಸರಿಯೇ ಹೊರತು ಎರಡು ದಿನದ ಸಂಗ್ರಹಕ್ಕೆ ಸಲ್ಲದು.

ಮೂರನೆಯ ಕಾರಣ ಎಥಿಲೀನ್ ಎಂಬ ಅನಿಲ. ಮಾಗುವ ಹಣ್ಣುಗಳು ತಾವೇ ಹೊರಸೂಸುವ ಈ ಅನಿಲ ಅತಿ ಅಲ್ಪ ಪ್ರಮಾಣದಲ್ಲಿದ್ದರೂ ಸುತ್ತಲಿನ ಸೊಪ್ಪನ್ನು ಹಳದಿಯಾಗಿಸುತ್ತದೆ, ಸೌತೆಕಾಯಿಯ ಹಸಿರನ್ನು ಮಾಸಿಸುತ್ತದೆ, ಎಲೆಗಳನ್ನು ತೊಟ್ಟಿನಿಂದ ಕಳಚುತ್ತದೆ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ನಂಜನಗೂಡು ರಸಬಾಳೆಯ ನಾಡಿನಲ್ಲಿ ಇದು ಪುಸ್ತಕದ ಮಾತಾಗಿ ಉಳಿಯುವುದಿಲ್ಲ. ಪನಾಮಾ ಸೊರಗು ರೋಗದಿಂದ ರಸಬಾಳೆಯ ತೋಟಗಳು ಬಹಳ ಕುಗ್ಗಿದ್ದರೂ, ಒಂದಲ್ಲ ಒಂದು ತಳಿಯ ಬಾಳೆಗೊನೆ ಅಡುಗೆಮನೆಯ ಮೂಲೆಯಲ್ಲಿ ಹಣ್ಣಾಗುತ್ತಿರುವ ಮನೆಗಳು ಇಲ್ಲಿ ಸಾಮಾನ್ಯ. ಆ ಗೊನೆಯ ಪಕ್ಕದಲ್ಲಿ ಕೊತ್ತಂಬರಿ ಸೊಪ್ಪು, ಬದನೆ, ಸೌತೆಗಳನ್ನು ಇಡುವುದೆಂದರೆ ಅವುಗಳ ಮುಪ್ಪನ್ನು ಕರೆತಂದಂತೆ. ಇದೇ ಅನಿಲದ ಉಪಯೋಗವೂ ಉಂಟು. ನುಗ್ಗೆಸೊಪ್ಪಿನ ಕಡ್ಡಿಗಳನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ರಾತ್ರಿಯಿಡೀ ಇಟ್ಟರೆ ಬೆಳಗ್ಗೆ ಕೊಡವಿದಾಗ ಎಲೆಗಳು ತಾವಾಗಿ ಉದುರುತ್ತವೆ ಎಂಬ ಹೆಂಗಸರ ತಿಳಿವಳಿಕೆಯ ಹಿಂದೆ, ಗಂಟಿನೊಳಗೆ ಕೂಡಿಕೊಂಡ ಎಥಿಲೀನ್ ಎಲೆಯ ತೊಟ್ಟಿನ ಬುಡವನ್ನು ಸಡಿಲಿಸುವ ಕ್ರಿಯೆಯಿದೆ.

ನಾಲ್ಕನೆಯದು ಶೀತಹಾನಿ. ಉಷ್ಣವಲಯದಲ್ಲಿ ಹುಟ್ಟಿ ಬೆಳೆದ ಬದನೆ, ಬೆಂಡೆ, ಸೌತೆ, ಹಾಗಲ, ಟೊಮೆಟೊ, ಸಿಹಿಗೆಣಸು, ಕುಂಬಳ, ಬಾಳೆಕಾಯಿಗಳ ಜೀವಕೋಶದ ಪೊರೆಗಳು ಹೆಪ್ಪುಗಟ್ಟುವ ಮಟ್ಟಕ್ಕಿಂತ ಬಹಳ ಮೇಲಿನ ತಂಪಿನಲ್ಲಿಯೇ ಹಾಳಾಗತೊಡಗುತ್ತವೆ. ಬದನೆಯ ಮೈಮೇಲೆ ಕುಳಿ ಬೀಳುವುದು, ಅದರ ಬೀಜ ಕಪ್ಪಾಗುವುದು, ಸೌತೆಕಾಯಿ ನೀರುನೀರಾಗುವುದು, ಟೊಮೆಟೊ ಕಂಪು ಕಳೆದುಕೊಂಡು ಹಿಟ್ಟುಹಿಟ್ಟಾಗುವುದು, ಬಾಳೆಕಾಯಿಯ ಸಿಪ್ಪೆ ಕರಿದಾಗುವುದು ಇದರ ಲಕ್ಷಣಗಳು. ಮನೆಯ ಫ್ರಿಜ್ಜಿನ ಒಳಗಿನ ಉಷ್ಣತೆ ಸಾಮಾನ್ಯವಾಗಿ 4 ಡಿಗ್ರಿಯ ಸುತ್ತಮುತ್ತ ಇರುತ್ತದೆ. ಬದನೆ, ಸೌತೆ, ಟೊಮೆಟೊಗಳಿಗೆ ಒಗ್ಗುವುದು 10ರಿಂದ 13 ಡಿಗ್ರಿ, ಬೆಂಡೆಗೆ 7ರಿಂದ 10, ಸಿಹಿಗೆಣಸಿಗೆ 13ರಿಂದ 15. ಈ ನಾಡಿನ ಅಡುಗೆಯ ಅಚ್ಚುಮೆಚ್ಚಿನ ಕಾಯಿಗಳಲ್ಲಿ ಹಲವಕ್ಕೆ ಫ್ರಿಜ್ಜಿನ ತಂಪು ವಿಪರೀತವಾಯಿತು, ಅಡುಗೆಮನೆಯ ಸೆಕೆಯೂ ವಿಪರೀತವಾಯಿತು. ಈ ನಡುವಿನ ಜಾಗವನ್ನು ಹುಡುಕುವುದೇ ಇಲ್ಲಿನ ಮುಖ್ಯ ಸಮಸ್ಯೆ.

ಹಿಂದಿನ ಕ್ರಮಗಳು

ತಿ. ನರಸೀಪುರದ ನದೀಸಂಗಮದ ಬಳಿ ಎಂ. ಶೇಷಾದ್ರಿಯವರ ನೇತೃತ್ವದಲ್ಲಿ ನಡೆದು 1971ರಲ್ಲಿ ವರದಿ ಪ್ರಕಟವಾದ ಉತ್ಖನನಗಳು ಅಲ್ಲಿ ನವಶಿಲಾಯುಗದ ವಸತಿಯಿದ್ದುದನ್ನೂ ಆ ಜನ ಮಣ್ಣಿನ ಪಾತ್ರೆಗಳನ್ನು ಬಳಸುತ್ತಿದ್ದುದನ್ನೂ ತೋರಿಸಿವೆ. ಕಾಲಾಂತರದಲ್ಲಿ ಧಾನ್ಯ, ಕಾಳುಗಳನ್ನು ವರ್ಷಗಟ್ಟಲೆ ಇಡುವ ವಿದ್ಯೆ ಈ ಸೀಮೆಯಲ್ಲಿ ಬಹಳ ಮುಂದುವರಿದಿತ್ತು. ನೆಲದೊಳಗೆ ಹೂಜಿಯ ಆಕಾರದಲ್ಲಿ ತೋಡಿ, ಕಿರಿದಾದ ಬಾಯಿಯನ್ನು ಕಲ್ಲುಮಣ್ಣಿನಿಂದ ಮುಚ್ಚುತ್ತಿದ್ದ ಹಗೇವು ಎಂಬ ಕಣಜದಲ್ಲಿ ರಾಗಿ ಹುಳು ಹಿಡಿಯದೆ ಹಲವು ವರ್ಷ ನಿಲ್ಲುತ್ತಿತ್ತು. ಒಳಗಿನ ಧಾನ್ಯವೂ ಕೀಟಗಳೂ ಉಸಿರಾಡಿ ಆಮ್ಲಜನಕ ತೀರಿದ ಮೇಲೆ ಕೀಟಗಳು ಸಾಯುತ್ತಿದ್ದವು, ಒಣಗಿದ ರಾಗಿ ಉಳಿಯುತ್ತಿತ್ತು. ಹಗೇವಿನ ಬಾಯಿ ತೆರೆದ ಕೂಡಲೇ ಒಳಗೆ ಇಳಿಯಬಾರದೆಂಬ ಎಚ್ಚರಿಕೆಗೂ ಇದೇ ಕಾರಣ. ಆದರೆ ನೀರಿನಂಶ ಹೆಚ್ಚಾಗಿರುವ ತರಕಾರಿಯನ್ನು ಇಂಥ ಗಾಳಿಯಾಡದ ಜಾಗದಲ್ಲಿಟ್ಟರೆ ಅದು ಆಮ್ಲಜನಕವಿಲ್ಲದೆ ಹುಳಿತು ದುರ್ವಾಸನೆ ಬೀರುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ಗಂಟು ಬಿಗಿದು ಸೊಪ್ಪು ಇಡುವವರು ಅರಿಯದೆ ಮಾಡುವುದೂ ಇದನ್ನೇ.

ಆದ್ದರಿಂದ ಹಸಿ ತರಕಾರಿಯ ವಿಷಯದಲ್ಲಿ ಹಿಂದಿನವರು ಸಂಗ್ರಹವನ್ನು ನೆಚ್ಚಿಕೊಳ್ಳದೆ, ಬೇಕಾದಾಗ ಕೊಯ್ಯುವ ಕ್ರಮವನ್ನು ನೆಚ್ಚಿಕೊಂಡಿದ್ದರು. ಹಿತ್ತಲಿನ ಬದನೆ, ಮೆಣಸಿನ ಗಿಡ, ಚಪ್ಪರದ ಅವರೆ, ಪಡವಲ, ಸೋರೆ, ಬೇಲಿಯ ನುಗ್ಗೆ, ಬಚ್ಚಲ ನೀರು ಹರಿಯುವಲ್ಲಿನ ಬಾಳೆ, ಕೆಸು, ಬಸಳೆ ಇವೆಲ್ಲ ಬೇರಿನ ಮೇಲೆಯೇ ತಾಜಾ ಆಗಿ ಉಳಿಯುತ್ತಿದ್ದವು. ಹೊಲದ ಬದುಗಳಲ್ಲಿ ತಾನಾಗಿ ಬೆಳೆಯುವ ಅಣ್ಣೆ, ಹೊನಗನ್ನೆ, ಗಣಿಕೆ, ಕೀರೆಗಳನ್ನು ಕೂಡಿಸಿ ತಂದ ಬೆರಕೆ ಸೊಪ್ಪು ಅಂದೇ ಬಸ್ಸಾರಿಗೋ ಮಸ್ಸೊಪ್ಪಿಗೋ ಹೋಗುತ್ತಿತ್ತು. ಸುಗ್ಗಿಯಲ್ಲಿ ಒಂದೇ ಕಾಯಿ ಹೇರಳವಾಗಿ ಬಂದಾಗ ಅದನ್ನು ಬೇರೆ ಬೇರೆ ಬಗೆಯಲ್ಲಿ ಬೇಯಿಸಿ ಬೇಸರ ಕಳೆಯುವುದು ಅಡುಗೆಯವರ ಜಾಣ್ಮೆಯಾಗಿತ್ತು. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಬರೆದ ಸೂಪಶಾಸ್ತ್ರವೆಂಬ ಕನ್ನಡ ಪಾಕಗ್ರಂಥ ಬದನೆ, ಬಾಳೆ, ಹಲಸುಗಳಿಂದ ಮಾಡುವ ಹಲವು ಅಡುಗೆಗಳನ್ನು ವಿವರಿಸುವುದನ್ನು ಈ ದೃಷ್ಟಿಯಿಂದಲೂ ಓದಬಹುದು.

ಉಳಿಸಲೇಬೇಕಾದ ಕಾಯಿಗಳಿಗೆ ಮನೆಯ ಕಟ್ಟಡವೇ ನೆರವಾಗುತ್ತಿತ್ತು. ನಡುವೆ ಆಕಾಶಕ್ಕೆ ತೆರೆದ ಅಂಗಳವುಳ್ಳ ತೊಟ್ಟಿಮನೆಯ ದಪ್ಪ ಮಣ್ಣಿನ ಗೋಡೆಗಳು ಹಗಲಿನ ಶಾಖವನ್ನು ತಡೆಯುತ್ತಿದ್ದವು, ಸೂರಿನಿಂದ ಇಳಿಬಿಟ್ಟ ನೆಲುವು ಎಂಬ ಹಗ್ಗದ ತೂಗುಬಲೆಯಲ್ಲಿ ಗಾಳಿ ಎಲ್ಲ ಕಡೆಯಿಂದಲೂ ಆಡುತ್ತಿತ್ತು ಮತ್ತು ಇಲಿ, ಬೆಕ್ಕುಗಳಿಗೆ ಎಟುಕುತ್ತಿರಲಿಲ್ಲ. ತೊಟ್ಟಿನ ಸಮೇತ ಕೊಯ್ದ ಬಲಿತ ಬೂದುಗುಂಬಳ ಹೀಗೆ ತೂಗುಹಾಕಿದಾಗ ತಿಂಗಳುಗಟ್ಟಲೆ ಕೆಡುತ್ತಿರಲಿಲ್ಲ. ನೆಲಕ್ಕೆ ತಾಗಿದ ಭಾಗದಲ್ಲಿ ತೇವ ಕೂಡಿ ಕೊಳೆ ಶುರುವಾಗುವುದರಿಂದ ತೂಗುಹಾಕುವುದರಲ್ಲಿ ನಿಜವಾದ ಅರ್ಥವಿದೆ. ಮೈಮೇಲಿನ ಬೂದಿಯನ್ನು ಒರೆಸಬಾರದೆಂಬ ಹಿರಿಯರ ಮಾತಿನಲ್ಲಿಯೂ ಅಷ್ಟೇ ಅರ್ಥವಿದೆ. ನೀರಿನ ಮಡಕೆಯನ್ನು ಕೂರಿಸಿದ ಒದ್ದೆ ಮರಳಿನ ಸುತ್ತ ನಿಂಬೆಹಣ್ಣು, ಹಸಿಶುಂಠಿ, ಮೆಣಸಿನಕಾಯಿ ಇಡುವುದು, ವೀಳ್ಯದೆಲೆಯನ್ನು ಬಾಳೆಯೆಲೆ ಅಥವಾ ಬಾಳೆಪಟ್ಟೆಯಲ್ಲಿ ಸುತ್ತಿ ಒದ್ದೆ ಬಟ್ಟೆ ಹೊದಿಸುವುದು ಮುಂತಾದ ಕ್ರಮಗಳು ಇಂದಿಗೂ ಉಳಿದಿವೆ.

ಆವಿಯಿಂದ ತಂಪು

ಒದ್ದೆ ಮರಳಿನ ಈ ಉಪಾಯವನ್ನು ಅಳತೆಗೆ ಒಳಪಡಿಸಿದ ಆಧುನಿಕ ರೂಪವೇ ಶೂನ್ಯಶಕ್ತಿ ಶೀತಲ ಕೋಣೆ. ದೆಹಲಿಯ ಭಾರತೀಯ ಕೃಷಿ ಸಂಶೋಧನ ಸಂಸ್ಥೆಯಲ್ಲಿ ಎಸ್. ಕೆ. ರಾಯ್ ಮತ್ತು ಡಿ. ಎಸ್. ಖುರ್ಡಿಯಾ 1980ರ ದಶಕದಲ್ಲಿ ಇದನ್ನು ರೂಪಿಸಿದರು. ಇಟ್ಟಿಗೆಯ ನೆಲಗಟ್ಟಿನ ಮೇಲೆ ಎರಡು ಸುತ್ತು ಇಟ್ಟಿಗೆ ಗೋಡೆ ಕಟ್ಟಿ, ಅವುಗಳ ನಡುವೆ ಬಿಟ್ಟ ಸುಮಾರು 7.5 ಸೆಂಟಿಮೀಟರ್ ಸಂದಿಗೆ ಹೊಳೆಮರಳು ತುಂಬಿ, ಬೆಳಗ್ಗೆ ಸಂಜೆ ನೀರುಣಿಸಿ, ಮೇಲೆ ಹುಲ್ಲು ಅಥವಾ ಗೋಣಿಯ ಮುಚ್ಚಳ ಹಾಕಿ, ಮೇಲ್ಗಡೆ ನೆರಳಿಗೆ ಚಪ್ಪರ ಮಾಡಿದರೆ ಆಯಿತು, ವಿದ್ಯುತ್ ಬೇಡ. ಮರಳಿನ ನೀರು ಆವಿಯಾಗುವಾಗ ಬೇಕಾದ ಶಾಖವನ್ನು ಒಳಗಿನಿಂದ ಹೀರಿಕೊಳ್ಳುವುದರಿಂದ ಕೋಣೆ ತಣ್ಣಗಾಗುತ್ತದೆ, ಒಳಗಿನ ಸಾಪೇಕ್ಷ ಆರ್ದ್ರತೆ (ಆ ಉಷ್ಣತೆಯಲ್ಲಿ ಗಾಳಿ ಹಿಡಿದಿಡಬಲ್ಲ ನೀರಾವಿಯಲ್ಲಿ ವಾಸ್ತವವಾಗಿ ಇರುವ ಪಾಲು) ನೂರಕ್ಕೆ 90ರ ಸಮೀಪ ನಿಲ್ಲುತ್ತದೆ. ಒಂದು ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆಯಿಟ್ಟು ನಡುವೆ ಒದ್ದೆ ಮರಳು ತುಂಬುವ ಕಿರಿಯ ರೂಪವನ್ನು ನೈಜೀರಿಯಾದ ಶಿಕ್ಷಕ ಮೊಹಮ್ಮದ್ ಬಾ ಅಬ್ಬಾ ಹಳ್ಳಿಗಳಲ್ಲಿ ಹರಡಿ 2000ದಲ್ಲಿ ರೋಲೆಕ್ಸ್ ಪ್ರಶಸ್ತಿ ಪಡೆದರು. ಗುಜರಾತಿನ ವಾಂಕಾನೇರಿನ ಕುಂಬಾರ ಮನ್ಸುಖಭಾಯಿ ಪ್ರಜಾಪತಿ ಮಣ್ಣಿನ ಫ್ರಿಜ್ ತಯಾರಿಸಿ ಮಾರುಕಟ್ಟೆಗೆ ತಂದರು.

ಇಂಥ ಸಾಧನಗಳಿಗೆ ಭೌತಿಕವಾದ ಒಂದು ಎಲ್ಲೆಯಿದೆ. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ತೋರಿಸುವ ಮಟ್ಟಕ್ಕಿಂತ ಕೆಳಗೆ ಇವು ಇಳಿಯಲಾರವು. ಏಪ್ರಿಲ್ ತಿಂಗಳ ಮಧ್ಯಾಹ್ನ 35 ಡಿಗ್ರಿ ಉಷ್ಣತೆ, 30ರ ಆರ್ದ್ರತೆ ಇದ್ದಾಗ ಆ ಮಟ್ಟ ಸುಮಾರು 22 ಡಿಗ್ರಿಯಾಗುವುದರಿಂದ ಲಾಭ ದೊಡ್ಡದು. ಜುಲೈನ ಜಿಟಿಮಳೆಯಲ್ಲಿ 27 ಡಿಗ್ರಿ ಉಷ್ಣತೆಗೆ ಆರ್ದ್ರತೆ 80 ಇದ್ದರೆ ಅದು ಸುಮಾರು 24ರಲ್ಲಿಯೇ ನಿಲ್ಲುವುದರಿಂದ ಸಿಗುವ ತಂಪು ಅತ್ಯಲ್ಪ, ಮೇಲಾಗಿ ಒಳಗಿನ ಅತಿತೇವದಲ್ಲಿ ಬೂಷ್ಟು ಬೆಳೆಯುತ್ತದೆ. ಆದ್ದರಿಂದ ಬೇಸಗೆಯಲ್ಲಿ ನಡೆಯುವ ನಂಜನಗೂಡಿನ ದೊಡ್ಡ ಜಾತ್ರೆಯ ಹೊತ್ತಿನಿಂದ ಮುಂಗಾರು ಹಿಡಿಯುವವರೆಗೆ ಮಡಕೆ ಮರಳನ್ನು ಬಳಸಿ, ಮಳೆಗಾಲದಲ್ಲಿ ಅದನ್ನು ತೊಳೆದು ಬಿಸಿಲಿಗೆ ಒಣಗಿಸಿ ಎತ್ತಿಡುವುದು ಸೂಕ್ತ. ಬದನೆ, ಟೊಮೆಟೊ, ಬೆಂಡೆ, ಸೌತೆ, ಹಾಗಲಗಳಿಗೆ ಬೇಸಗೆಯಲ್ಲಿ ಫ್ರಿಜ್ಜಿಗಿಂತ ಈ ಮಡಕೆಯೇ ಹಿತವೆಂಬುದನ್ನು ಇನ್ನಷ್ಟು ಮನೆಗಳು ಕಂಡುಕೊಳ್ಳಬೇಕಾಗಿದೆ. ಕುಂಬಾರರ ಮಡಕೆಗಳು ಕುಡಿಯುವ ನೀರಿಗಷ್ಟೇ ಮೀಸಲಾಗಿ ಉಳಿದಿರುವುದು ಆ ವೃತ್ತಿಗೂ ಅಡುಗೆಮನೆಗೂ ಆದ ನಷ್ಟ.

ಆಹಾರವನ್ನು ಕೆಡದಂತೆ ಕಾಪಿಡುವ ಶಾಸ್ತ್ರದ ಬೆಳವಣಿಗೆಯಲ್ಲಿ ಮೈಸೂರಿನ ಪಾಲು ದೊಡ್ಡದು. 1950ರ ಅಕ್ಟೋಬರ್‌ನಲ್ಲಿ ಚೆಲುವಾಂಬಾ ಮ್ಯಾನ್ಶನ್ ಅರಮನೆಯಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು (ಸಿಎಫ್‌ಟಿಆರ್‌ಐ) ಹಣ್ಣು ತರಕಾರಿಗಳ ಮೈಗೆ ತೆಳುವಾದ ಮೇಣದ ಲೇಪ ಕೊಟ್ಟು ಬಾಷ್ಪವಿಸರ್ಜನೆ ಮತ್ತು ಉಸಿರಾಟವನ್ನು ತಗ್ಗಿಸುವ ವಿಧಾನವನ್ನು ಅಭಿವೃದ್ಧಿಪಡಿಸಿತು; ಬೂದುಗುಂಬಳ ಹುಟ್ಟಿನಿಂದಲೇ ಪಡೆದಿರುವ ರಕ್ಷಣೆಯನ್ನು ಬೇರೆ ಕಾಯಿಗಳಿಗೂ ಒದಗಿಸುವ ಪ್ರಯತ್ನವದು. 1961ರಲ್ಲಿ ಅದೇ ನಗರದಲ್ಲಿ ಸ್ಥಾಪನೆಯಾದ ರಕ್ಷಣಾ ಆಹಾರ ಸಂಶೋಧನಾಲಯ ದೂರದ ಗಡಿಗಳಲ್ಲಿರುವ ಸೈನಿಕರ ಆಹಾರ ಕೆಡದಂತೆ ಇಡುವ ವಿಧಾನಗಳ ಮೇಲೆ ಕೆಲಸ ಮಾಡುತ್ತಿದೆ. ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿರುವ ಜೆಎಸ್ಎಸ್ ಕೃಷಿ ವಿಜ್ಞಾನ ಕೇಂದ್ರ ರೈತರಿಗೆ ತರಬೇತಿ ನೀಡುವ ಸಂಸ್ಥೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನ ಸಂಸ್ಥೆಯ ಅರ್ಕಾ ರಕ್ಷಕ್‌ನಂಥ ಗಟ್ಟಿ ಸಿಪ್ಪೆಯ ಟೊಮೆಟೊ ತಳಿಗಳು ಹೊಲದಲ್ಲಿಯೇ ಬಾಳಿಕೆಯ ಗುಣವನ್ನು ಪಡೆದು ಮನೆಗೆ ಬರುತ್ತವೆ.

ತರಕಾರಿಗಳ ಬಗೆಬಗೆಯ ಬೇಡಿಕೆ

ಸೊಪ್ಪುಗಳಿಗೆ ಬೇಕಾದುದು ಆದಷ್ಟು ಹೆಚ್ಚು ತಂಪು ಮತ್ತು ತೇವದ ಗಾಳಿ. ದಂಟು, ಮೆಂತ್ಯ, ಸಬ್ಬಸಿಗೆ, ಪಾಲಕ್, ಕೊತ್ತಂಬರಿಗಳ ಕಟ್ಟನ್ನು ಮನೆಗೆ ತಂದ ಕೂಡಲೇ ಬಿಚ್ಚಿ, ಹಳದಿಯಾದ ಮತ್ತು ಜಜ್ಜಿದ ಎಲೆಗಳನ್ನು ಆರಿಸಿ ತೆಗೆಯಬೇಕು, ಏಕೆಂದರೆ ಕೊಳೆತ ಒಂದೆಲೆ ಕಟ್ಟಿಗೆಲ್ಲ ಕೊಳೆ ಹಬ್ಬಿಸುತ್ತದೆ. ತೊಳೆಯುವ ಕೆಲಸವನ್ನು ಅಡುಗೆಯ ಹೊತ್ತಿಗೆ ಬಿಟ್ಟು, ಒಣ ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಮುಚ್ಚಳವುಳ್ಳ ಡಬ್ಬಿಯಲ್ಲಿ ಫ್ರಿಜ್ಜಿನ ಕೆಳಗಿನ ತರಕಾರಿ ಅರೆಯಲ್ಲಿ ಇಟ್ಟರೆ ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ. ಬಟ್ಟೆ ಹೆಚ್ಚುವರಿ ನೀರನ್ನು ಹೀರಿಕೊಂಡು ಡಬ್ಬಿಯ ಗಾಳಿಯನ್ನು ತೇವವಾಗಿಯೂ ಎಲೆಯ ಮೈಯನ್ನು ಒಣದಾಗಿಯೂ ಇಡುತ್ತದೆ. ಫ್ರಿಜ್ ಇಲ್ಲದ ಮನೆಯಲ್ಲಿ ಬೇರಿರುವ ಕೊತ್ತಂಬರಿ, ದಂಟುಗಳ ಬುಡವನ್ನು ಚೊಂಬಿನ ನೀರಿನಲ್ಲಿ ನಿಲ್ಲಿಸಿ ನೆರಳಿನಲ್ಲಿಡಬಹುದು, ನೀರನ್ನು ದಿನವೂ ಬದಲಿಸಬೇಕು. ಆದರೆ ಸೊಪ್ಪಿನ ಸಿ ಜೀವಸತ್ವ ಕೊಯ್ದ ಗಳಿಗೆಯಿಂದಲೇ ಕಡಿಮೆಯಾಗುತ್ತ ಹೋಗುವುದರಿಂದ, ನೋಟಕ್ಕೆ ಹಸಿರಾಗಿದ್ದ ಮಾತ್ರಕ್ಕೆ ನಾಲ್ಕನೆಯ ದಿನದ ಸೊಪ್ಪು ಮೊದಲ ದಿನದ ಸೊಪ್ಪಿಗೆ ಸಮನಾಗದು. ಕರಿಬೇವಿನ ಎಲೆ ಒಣ ಡಬ್ಬಿಯಲ್ಲಿ ವಾರಗಟ್ಟಲೆ ಇರುತ್ತದೆ, ಒದ್ದೆಯಾದರೆ ಮಾತ್ರ ಕರಿದಾಗುತ್ತದೆ.

ಮಾಗಿಯ ಅವರೆಕಾಯಿಗೆ ಪ್ರತ್ಯೇಕ ಗಮನ ಸಲ್ಲಬೇಕು. ಮಂಜು ಬೀಳುವ ದಿನಗಳಲ್ಲಿ ಅವರೆಯ ಸಿಪ್ಪೆಯ ಮೇಲೆ ಒಸರುವ ಎಣ್ಣೆಯಂಥ ಅಂಟೇ ಸೊಗಡು. ಕೆಲವು ಕೊಬ್ಬಿನಾಮ್ಲಗಳಿಂದ ಹುಟ್ಟುವ ಈ ಕಂಪಿಗಾಗಿಯೇ ಜನ ಅವರೆಯನ್ನು ಕಾದು ಕೊಳ್ಳುತ್ತಾರೆ. ಕಾಯಿಯನ್ನು ತೊಳೆದರೆ ಸೊಗಡು ಹೋಗುತ್ತದೆ, ರಾಶಿ ಹಾಕಿದರೆ ಉಸಿರಾಟದ ಶಾಖಕ್ಕೆ ಬೆವತು ಸಿಪ್ಪೆ ಕಪ್ಪಾಗುತ್ತದೆ. ಆದ್ದರಿಂದ ಚಾಪೆ ಅಥವಾ ಮೊರದ ಮೇಲೆ ತೆಳುವಾಗಿ ಹರಡಿ, ರಾತ್ರಿಯ ತಂಪುಗಾಳಿ ಸೋಕುವಂತೆ ಇಡುವುದು ಲೇಸು. ಸುಲಿದ ಕಾಳು ಸಿಪ್ಪೆಯ ರಕ್ಷಣೆ ಕಳೆದುಕೊಂಡು ಬೇಗ ಹುಳಿಯುತ್ತದೆ. ನೆನೆಸಿ ಹಿದುಕಿದ ಅವರೆಬೇಳೆಯಂತೂ ಫ್ರಿಜ್ಜಿನಲ್ಲಿಯೂ ಎರಡು ದಿನಕ್ಕಿಂತ ಹೆಚ್ಚು ಇರಬಾರದು. ಕಾಲ ಮುಗಿದ ಮೇಲೂ ಬೇಕೆನ್ನುವವರು ಸುಲಿದ ಕಾಳನ್ನು ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ, ಕೂಡಲೇ ತಣ್ಣೀರಿಗೆ ಹಾಕಿ, ನೀರು ಬಸಿದು, ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿನ ಫ್ರೀಜರಿನಲ್ಲಿಡಬಹುದು. ಬಿಸಿನೀರಿನ ಅದ್ದುವಿಕೆ ಬಣ್ಣ, ರುಚಿಗಳನ್ನು ಕೆಡಿಸುವ ಕಿಣ್ವಗಳನ್ನು ನಿಷ್ಕ್ರಿಯಗೊಳಿಸುತ್ತದೆ.

ಹಣ್ಣುಗಾಯಿಗಳಲ್ಲಿ ಬದನೆ, ಸೌತೆ, ಹೀರೆ, ಪಡವಲ, ಸೋರೆ, ಬೆಂಡೆಗಳನ್ನು ಎರಡು ದಿನದೊಳಗೆ ಬೇಯಿಸುವುದಾದರೆ ಹೊರಗಿನ ತಂಪು ಮೂಲೆಯಲ್ಲಿ ಬಟ್ಟೆ ಹೊದಿಸಿ ಇಡಬೇಕು. ಅದಕ್ಕಿಂತ ಹೆಚ್ಚು ದಿನವಾದರೆ ಕಾಗದ ಅಥವಾ ಬಟ್ಟೆಯಲ್ಲಿ ಸುತ್ತಿ, ಫ್ರಿಜ್ಜಿನಲ್ಲಿ ಹೆಚ್ಚು ತಂಪಿಲ್ಲದ ಜಾಗದಲ್ಲಿಟ್ಟು ಬೇಗ ಮುಗಿಸಬೇಕು. ಬೆಂಡೆಯ ಮೈಮೇಲೆ ನೀರು ಬಿದ್ದರೆ ಮಾರನೆಯ ದಿನವೇ ಕರಿಚುಕ್ಕೆ ಏಳುತ್ತದೆ. ಅರೆಗೆಂಪು ಟೊಮೆಟೊವನ್ನು ತೊಟ್ಟಿನ ಕಡೆ ಕೆಳಗೆ ಮಾಡಿ ಒಂದೇ ಸಾಲಿನಲ್ಲಿ ಹೊರಗೇ ಇಟ್ಟು, ಪೂರ್ತಿ ಕೆಂಪಾದದ್ದನ್ನು ಮಾತ್ರ ಫ್ರಿಜ್ಜಿಗೆ ಸೇರಿಸಿದರೆ ರುಚಿಯೂ ಉಳಿಯುತ್ತದೆ. ಹಸಿಮೆಣಸಿನಕಾಯಿಯ ತೊಟ್ಟು ಮುರಿದು, ಒಣ ಬಟ್ಟೆ ಹಾಸಿದ ಡಬ್ಬಿಯಲ್ಲಿಟ್ಟರೆ ಎರಡು ವಾರ ನಿಲ್ಲುತ್ತದೆ, ಏಕೆಂದರೆ ಕೊಳೆ ಮೊದಲು ಹಿಡಿಯುವುದು ತೊಟ್ಟಿಗೆ. ಹೆಚ್ಚಿದ ಬಾಳೆದಿಂಡು, ಬಾಳೆಹೂವು, ಬಾಳೆಕಾಯಿ, ಬದನೆಗಳು ಗಾಳಿಯ ಆಮ್ಲಜನಕ ಸೋಕಿ ಕಂದಾಗುವುದನ್ನು ಮಜ್ಜಿಗೆ ಬೆರೆಸಿದ ನೀರು ತಡೆಯುತ್ತದೆ. ಮಜ್ಜಿಗೆಯ ಹುಳಿ ಕಂದಾಗಿಸುವ ಕಿಣ್ವದ ಕೆಲಸವನ್ನು ಕುಂದಿಸುತ್ತದೆ.

ಹಲವು ಗೆಡ್ಡೆಗಳ ಜಾಗ ಫ್ರಿಜ್ಜಿನ ಹೊರಗೆ. ಈರುಳ್ಳಿ, ಬೆಳ್ಳುಳ್ಳಿಗಳಿಗೆ ಒಣ ಗಾಳಿ ಬೇಕು. ಕೊಯ್ದ ಮೇಲೆ ಕುತ್ತಿಗೆ ಒಣಗಿ ಮುಚ್ಚಿಕೊಳ್ಳುವವರೆಗೆ ನೆರಳಿನಲ್ಲಿ ಹರಡಿ ಹದಗೊಳಿಸಿದ ಈರುಳ್ಳಿಯೇ ಬಾಳುತ್ತದೆ, ಆದ್ದರಿಂದ ಕೊಳ್ಳುವಾಗ ಕುತ್ತಿಗೆ ಹಿಸುಕಿ ನೋಡಬೇಕು. ಆಲೂಗಡ್ಡೆಗೆ ಕತ್ತಲು ಅಗತ್ಯ. ಬೆಳಕಿನಲ್ಲಿ ಅದರ ಸಿಪ್ಪೆ ಹಸಿರಾಗುವುದರ ಜೊತೆಗೆ ಸೋಲನಿನ್ ಎಂಬ ಕಹಿ ವಿಷವಸ್ತು ಕೂಡಿಕೊಳ್ಳುತ್ತದೆ; ಫ್ರಿಜ್ಜಿನ ತಂಪಿನಲ್ಲಿಟ್ಟರೆ ಅದರ ಪಿಷ್ಟ ಸಕ್ಕರೆಯಾಗಿ, ಕರಿದಾಗ ಬೇಗ ಕಪ್ಪಾಗುತ್ತದೆ. ಈರುಳ್ಳಿ, ಆಲೂಗಡ್ಡೆಗಳನ್ನು ಒಂದೇ ಬುಟ್ಟಿಯಲ್ಲಿ ಬೆರೆಸುವ ರೂಢಿ ತಪ್ಪು, ಏಕೆಂದರೆ ಆಲೂಗಡ್ಡೆ ಬಿಡುವ ತೇವ ಈರುಳ್ಳಿಗೆ ಹಾನಿ. ಹಸಿಶುಂಠಿ, ಕೆಸವಿನ ಗೆಡ್ಡೆ, ಸಿಹಿಗೆಣಸುಗಳನ್ನು ಮಣ್ಣು ತೊಳೆಯದೆ ಒಣ ಮರಳಿನಲ್ಲಿ ಹುದುಗಿಸಬಹುದು. ಮೂಲಂಗಿ, ಕ್ಯಾರೆಟ್, ಬೀಟ್‌ರೂಟುಗಳ ಎಲೆಯನ್ನು ತಂದ ದಿನವೇ ಕತ್ತರಿಸದಿದ್ದರೆ ಎಲೆ ಗೆಡ್ಡೆಯ ನೀರನ್ನು ಹೀರಿ ಅದನ್ನು ಬೆಂಡಾಗಿಸುತ್ತದೆ. ಕತ್ತರಿಸಿದ ಮೂಲಂಗಿ ಸೊಪ್ಪು ಅಂದಿನ ಪಲ್ಯಕ್ಕೆ ಆಗುತ್ತದೆ.

ಫ್ರಿಜ್ಜಿನ ಬಳಕೆಯಲ್ಲಿ ಎರಡು ಮಾತು ಮುಖ್ಯ. ಒತ್ತಿ ತುಂಬಿದರೆ ತಂಪುಗಾಳಿ ಸುಳಿಯುವುದಿಲ್ಲ, ಹಿಂಬದಿಯ ಗೋಡೆಗೆ ತಾಗಿದ ಸೊಪ್ಪು ಹೆಪ್ಪುಗಟ್ಟಿ ಕರಗಿದಾಗ ಲೋಳೆಯಾಗುತ್ತದೆ. ಪ್ಲಾಸ್ಟಿಕ್ ಚೀಲ ಬಳಸುವುದಾದರೆ ಅದಕ್ಕೆ ನಾಲ್ಕಾರು ಸಣ್ಣ ತೂತು ಮಾಡಬೇಕು. ಹಾಗೆ ಮಾಡಿದರೆ ತೇವ ಉಳಿದು ಗಾಳಿಯೂ ಆಡುತ್ತದೆ. ಕರೆಂಟು ಹೋಗಿ ಬರುವ ಹಳ್ಳಿಗಳಲ್ಲಿ ಒಳಗಿನ ಉಷ್ಣತೆ ಏರಿಳಿದಂತೆಲ್ಲ ತರಕಾರಿಯ ಮೈಮೇಲೆ ಹನಿಗಟ್ಟುವುದರಿಂದ, ಬಟ್ಟೆಯ ಹೊದಿಕೆ ಪಟ್ಟಣಕ್ಕಿಂತ ಅಲ್ಲಿ ಹೆಚ್ಚು ಅವಶ್ಯ.

ಕೊಳ್ಳುವ ಮತ್ತು ಬಳಸುವ ಕ್ರಮ

ಇಷ್ಟೆಲ್ಲ ಉಪಾಯಗಳಿಗಿಂತ ಹೆಚ್ಚಿನ ಫಲ ಕೊಡುವುದು ವಾರದ ಅಡುಗೆಯ ಅನುಕ್ರಮ. ಬನ್ನೂರು, ತಲಕಾಡು, ಮೂಗೂರು, ಹುಲ್ಲಹಳ್ಳಿಯಂಥ ಊರುಗಳ ಸುತ್ತಲಿನ ಮನೆಗಳಲ್ಲಿ ಸಂತೆಯ ದಿನ ಸೊಪ್ಪಿನ ಸಾರು, ಮಾರನೆಯ ದಿನ ಬೆಂಡೆ ಅಥವಾ ಬೀನ್ಸ್, ಆಮೇಲೆ ಬದನೆ, ಸೋರೆ, ವಾರದ ಕೊನೆಗೆ ಕುಂಬಳ, ಆಲೂಗಡ್ಡೆ, ಕಾಳಿನ ಉಪ್ಸಾರು ಎಂಬಂತೆ ಬೇಗ ಕೆಡುವುದನ್ನು ಮೊದಲು ಮುಗಿಸುತ್ತ ಹೋದರೆ ಸಂಗ್ರಹದ ಸಮಸ್ಯೆ ಅರ್ಧ ನೀಗುತ್ತದೆ. ಸಂತೆಯಿಂದ ಸಂತೆಗೆ ಅಡುಗೆ ನಡೆಸಿದ ಹಿಂದಿನ ಗೃಹಿಣಿಯರು ಉಸಿರಾಟದ ವೇಗವನ್ನು ಅಳೆಯದೆಯೇ ಅದರ ಅನುಕ್ರಮವನ್ನು ಬಲ್ಲವರಾಗಿದ್ದರು, ಮತ್ತು ಈ ಜ್ಞಾನವನ್ನು ಪಾಕಶಾಸ್ತ್ರದ ಪುಸ್ತಕಗಳು ದಾಖಲಿಸದೆ ಬಿಟ್ಟಿರುವುದು ದೊಡ್ಡ ಕೊರತೆ. ಬೆಳಗಿನ ಜಾವ ಕೊಯ್ದದ್ದನ್ನು ಬೆಳಗ್ಗೆಯೇ ಕೊಳ್ಳುವುದು, ಸೊಪ್ಪಿನ ಚೀಲವನ್ನು ಬಿಸಿಲಲ್ಲಿ ನಿಂತ ಸ್ಕೂಟರಿನ ಮೇಲೆ ಬಿಡದಿರುವುದು, ಭಾರದ ಕುಂಬಳ, ಆಲೂಗಡ್ಡೆಗಳನ್ನು ಚೀಲದ ತಳಕ್ಕೂ ಟೊಮೆಟೊ, ಸೊಪ್ಪುಗಳನ್ನು ಮೇಲಕ್ಕೂ ಹಾಕುವುದು ಇವೂ ಕಾಪಿಡುವಿಕೆಯ ಭಾಗವೇ. ಜಜ್ಜುಗಾಯವಾದ ಕಡೆಯಲ್ಲಿ ಉಸಿರಾಟವೂ ಎಥಿಲೀನೂ ಹೆಚ್ಚುತ್ತವೆ.

ಮಿಕ್ಕಿದ್ದನ್ನು ಬೇಸಗೆಯ ಬಿಸಿಲಿನಲ್ಲಿ ಬೂದುಗುಂಬಳದ ಸಂಡಿಗೆ, ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಮೆಣಸಿನಕಾಯಿ ಬಾಳಕ, ಗೋರಿಕಾಯಿ, ಬೆಂಡೆಯ ಬಾಳಕಗಳಾಗಿ ಮಾರ್ಪಡಿಸುವ ಪದ್ಧತಿ ಪ್ರಸಿದ್ಧವಾದುದೇ.

ಕೆಟ್ಟದ್ದನ್ನು ಗುರುತಿಸುವುದು

ಬಾಡಿದ್ದೆಲ್ಲ ಕೆಟ್ಟದ್ದಲ್ಲ. ನೀರು ಕಳೆದುಕೊಂಡು ಸೊರಗಿದ ಸೊಪ್ಪು, ಬೀನ್ಸ್, ಕ್ಯಾರೆಟ್‌ಗಳನ್ನು ಅರ್ಧ ಗಂಟೆ ತಣ್ಣೀರಿನಲ್ಲಿ ಇಟ್ಟರೆ ಜೀವಕೋಶಗಳು ಮತ್ತೆ ನೀರು ಹೀರಿ ಬಿಗಿಯಾಗುತ್ತವೆ. ಅಂಥವನ್ನು ಕೂಡಲೇ ಬೇಯಿಸಬೇಕು. ಮೊಳಕೆಯೊಡೆದ ಆಲೂಗಡ್ಡೆ ಗಟ್ಟಿಯಾಗಿದ್ದರೆ ಮೊಳಕೆ ಮತ್ತು ಹಸಿರು ಭಾಗವನ್ನು ಆಳವಾಗಿ ಕೆತ್ತಿ ಬಳಸಬಹುದು, ಬಹಳ ಹಸಿರಾಗಿದ್ದರೆ ಅಥವಾ ಕಹಿಯೆನಿಸಿದರೆ ಬಿಸಾಡಬೇಕು. ಸೋರೆಕಾಯಿಯ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು ಬೇಕು. ಚೂರು ಕಚ್ಚಿ ನೋಡಿದಾಗ ಕಹಿಯಾಗಿದ್ದರೆ, ಎಷ್ಟೇ ತಾಜಾ ಆಗಿ ಕಂಡರೂ ಅದು ವಿಷಕಾರಿ, ಬೇಯಿಸಿದರೂ ವಿಷ ಹೋಗದು. ಲೋಳೆಯಾದ ಸೊಪ್ಪು, ಒಳಗಿನವರೆಗೆ ಬೂಷ್ಟು ಹಿಡಿದ ಟೊಮೆಟೊ, ಹುಳಿವಾಸನೆಯ ಹೆಚ್ಚಿದ ಹೋಳುಗಳನ್ನು ಉಳಿಸಿಕೊಳ್ಳುವ ಪ್ರಯತ್ನ ಬೇಡ. 2018 ಮತ್ತು 2019ರ ಆಗಸ್ಟ್ ತಿಂಗಳಲ್ಲಿ ಆದಂತೆ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗು ಪ್ರದೇಶಗಳಿಗೆ ನುಗ್ಗಿದಾಗ, ನೆರೆನೀರು ಸೋಕಿದ ಸೊಪ್ಪು ಮತ್ತು ಮೆತ್ತನೆಯ ಕಾಯಿಗಳನ್ನು ತೊಳೆದರೂ ತಿನ್ನಬಾರದು, ಏಕೆಂದರೆ ಆ ನೀರಿನಲ್ಲಿ ಚರಂಡಿಯ ರೋಗಾಣುಗಳು ಬೆರೆತಿರುತ್ತವೆ. ಉಳಿದ ದಿನಗಳಲ್ಲಿ ಅಡುಗೆಗೆ ಆಗದ ಎಲೆ, ಸಿಪ್ಪೆ, ದಂಟುಗಳಲ್ಲಿ ಕೊಳೆಯದವನ್ನು ದನಕರುಗಳಿಗೆ ಹಾಕಿ, ಕೊಳೆತವನ್ನು ತಿಪ್ಪೆಗೆ ಸೇರಿಸುವುದು ಈ ಸೀಮೆಯ ಹಳ್ಳಿಗಳ ರೂಢಿ. ಬೂಷ್ಟು ಹಿಡಿದದ್ದು ದನಕ್ಕೂ ಸಲ್ಲದು, ಅದು ನೇರವಾಗಿ ತಿಪ್ಪೆಗೇ ಹೋಗಬೇಕು.